ನಾಪತ್ತೆ ಪ್ರಕರಣಕ್ಕೆ ತರ್ಕದ ಮಾದರಿ ಕಟ್ಟುವುದು ಹೇಗೆ

ಯಾರಾದರೂ ಕಾಣೆಯಾದಾಗ ಮಾಹಿತಿಗೆ ಬರ ಇರುವುದಿಲ್ಲ. ಅಲ್ಲಿ ಕಂಡೆ ಅನ್ನುವವರು, ಇಲ್ಲಿ ಕಂಡೆ ಅನ್ನುವವರು, ಕ್ಯಾಮೆರಾ ತುಣುಕು, ಫೋನಿನ ಟವರ್ ದಾಖಲೆ, ಮನೆಯವರ ನೆನಪು, ಜೊತೆಗೆ ಒಂದಿಷ್ಟು ಅಂತೆಕಂತೆ, ಎಲ್ಲವೂ ಮೊದಲ ದಿನವೇ ರಾಶಿ ಬೀಳುತ್ತವೆ. ಯಾವ ತೀರ್ಮಾನ ಯಾವ ಊಹೆಯ ಮೇಲೆ ನಿಂತಿದೆ ಎಂಬ ಲೆಕ್ಕ ಮಾತ್ರ ಯಾರ ಹತ್ತಿರವೂ ಇರುವುದಿಲ್ಲ. "ಅವರು ಊರು ಬಿಟ್ಟಿದ್ದಾರೆ" ಎಂದು ಎಲ್ಲರೂ ಹೇಳುತ್ತಿರುತ್ತಾರೆ. ಆ ಮಾತು ಎಲ್ಲಿಂದ ಹುಟ್ಟಿತು ಎಂದು ಕೆದಕಿದರೆ ಒಂದು ಮಸುಕು ಫೋಟೊ, ಒಬ್ಬರ "ಹಾಗೇ ಇದ್ರು ಕಣ್ರೀ" ಅನ್ನೋ ಮಾತು, ಅಷ್ಟೇ.

ತರ್ಕದ ಮಾದರಿ ಕಾಣೆಯಾದವರನ್ನು ಹುಡುಕಿ ಕೊಡುವುದಿಲ್ಲ. ಆ ಆಸೆ ಇದ್ದರೆ ಇಲ್ಲೇ ಬಿಟ್ಟುಬಿಡಿ. ಕೈಯಲ್ಲಿರುವ ಹೇಳಿಕೆಗಳೆಲ್ಲ ಒಟ್ಟಿಗೆ ನಿಜವಾಗಲು ಸಾಧ್ಯವೇ, ಸಾಧ್ಯವಿಲ್ಲದಿದ್ದರೆ ಯಾವುದನ್ನು ಕೈಬಿಡಬೇಕು, ಅದನ್ನು ತೀರ್ಮಾನಿಸಲು ಮುಂದೆ ಯಾರಿಗೆ ಏನು ಕೇಳಬೇಕು, ಇದನ್ನು ಅದು ತೋರಿಸುತ್ತದೆ. ತನಿಖಾಧಿಕಾರಿಗೆ ನೆರವಾಗುವ ವಿಶ್ಲೇಷಕರು, ಹುಡುಕಾಟದ ತಂಡ ನಡೆಸುವವರು, ಟಿಪ್ಪಣಿ ಇಟ್ಟುಕೊಳ್ಳುತ್ತಿರುವ ಮನೆಯವರು, ಯಾರು ಬೇಕಾದರೂ ಮಾಡಬಹುದು. ಕಾಗದ, ಪೆನ್ನು ಇದ್ದರೆ ಶುರು ಮಾಡಬಹುದು.

ಇದಕ್ಕೂ ಮೊದಲು ಪೊಲೀಸರಿಗೆ ದೂರು ಕೊಟ್ಟಿರಬೇಕು. 24 ಗಂಟೆ ಕಾದು ಆಮೇಲೆ ಹೋಗಬೇಕು ಅನ್ನೋ ನಂಬಿಕೆ ಹಲವು ದೇಶಗಳಲ್ಲಿದೆ, ಅದನ್ನು ಕಿವಿಗೆ ಹಾಕಿಕೊಳ್ಳಬೇಡಿ. ಮೊದಲ ಕೆಲವು ಗಂಟೆಗಳೇ ಎಲ್ಲಕ್ಕಿಂತ ಮುಖ್ಯ. ಮಾದರಿ ಆಮೇಲೆ.

ಹಂತ 1: ಹೇಳಿಕೆ ಬೇರೆ, ಸಂಗತಿ ಬೇರೆ

ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿ. ಯಾರು ಅಥವಾ ಯಾವ ಸಾಧನ ಹೇಳಿತು, ಏನು ಹೇಳಿತು, ಯಾವ ಹೊತ್ತಿನ ಬಗ್ಗೆ ಹೇಳಿತು, ಮತ್ತು ಆ ಮಾತಿನಿಂದ ನಾವು ಎಳೆಯುವ ತೀರ್ಮಾನ ನಿಜವಾಗಬೇಕಾದರೆ ಇನ್ನೇನೇನು ನಿಜವಾಗಿರಬೇಕು. ಇಡೀ ಮಾದರಿಯ ಜೀವ ಇರುವುದು ಈ ನಾಲ್ಕನೇ ಕಾಲಂನಲ್ಲಿ.

ಫೋನಿನ ದಾಖಲೆಯನ್ನೇ ನೋಡಿ. "10:40ಕ್ಕೆ ಆತ ಪೂರ್ವದ ಬಡಾವಣೆಯಲ್ಲಿದ್ದ" ಎಂದು ಬರೆಯುವ ಚಾಳಿ ಎಲ್ಲರಿಗೂ ಇದೆ. ದಾಖಲೆ ಹಾಗೆ ಹೇಳಿಯೇ ಇಲ್ಲ. ಈ ಸಂಖ್ಯೆಯ ಸಿಮ್ ಆ ಹೊತ್ತಿಗೆ ಆ ಟವರ್‌ಗೆ ಸೇರಿಕೊಂಡಿತ್ತು ಎಂದಷ್ಟೇ ಹೇಳಿದೆ. ಅಲ್ಲಿಂದ "ಆತ ಅಲ್ಲಿದ್ದ" ಎಂಬಲ್ಲಿಗೆ ಬರಲು ಕಡಿಮೆಯೆಂದರೂ ಮೂರು ಊಹೆ ಬೇಕು: ಸಿಮ್ ಆತನ ಫೋನಿನಲ್ಲೇ ಇತ್ತು, ಫೋನ್ ಆತನ ಬಳಿಯೇ ಇತ್ತು, ಆ ಟವರ್‌ನ ವ್ಯಾಪ್ತಿ ನಾವು ಅಂದುಕೊಂಡಷ್ಟೇ ಇದೆ. ಫೋನ್ ಯಾವಾಗಲೂ ಹತ್ತಿರದ ಟವರ್‌ಗೇ ಸೇರಬೇಕು ಎಂದೇನಿಲ್ಲ, ದಟ್ಟಣೆ, ಕಟ್ಟಡ, ಗುಡ್ಡ ಅಡ್ಡ ಬಂದರೆ ದೂರದ್ದಕ್ಕೆ ಸೇರುತ್ತದೆ.

ಹೇಳಿಕೆಗಳಿಗೆ ಹೇ1, ಹೇ2 ಎಂದೂ, ಊಹೆಗಳಿಗೆ ಊ1, ಊ2 ಎಂದೂ ಹೆಸರು ಕೊಡಿ. ಬೇಸರದ ಕೆಲಸ, ನಿಜ. ಆದರೆ ಹೆಸರಿಲ್ಲದ ಊಹೆಯನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ.

ಒಂದೇ ಬಾಯಿಂದ ಬಂದ ಮಾತು ಮೂರು ಕಡೆ ಸುತ್ತಿ ಬಂದರೆ ಅದು ಮೂರು ಸಾಕ್ಷಿ ಆಗುವುದಿಲ್ಲ. ಯಾರು ಯಾರಿಂದ ಕೇಳಿದ್ದು ಎಂದು ಬಾಣದ ಗುರುತು ಹಾಕಿ, ಮೂಲ ಸಿಕ್ಕರೆ ಅದನ್ನು ಮಾತ್ರ ಉಳಿಸಿ.

ಹಂತ 2: ಹೊತ್ತನ್ನು ಚುಕ್ಕಿಯಾಗಿ ಬರೆಯಬೇಡಿ

"ಸುಮಾರು ಹತ್ತೂವರೆ" ಅಂದರೆ 10:30 ಅಲ್ಲ, 10:15ರಿಂದ 10:45ರವರೆಗಿನ ಒಂದು ಅವಧಿ. ಪ್ರತಿ ಹೇಳಿಕೆಗೂ ಎಷ್ಟು ಬೇಗ ಎಂದರೆ ಯಾವಾಗ, ಎಷ್ಟು ತಡ ಎಂದರೆ ಯಾವಾಗ ಎಂದು ಎರಡು ತುದಿ ಬರೆಯಿರಿ. ಸಾಕ್ಷಿಯನ್ನು "ಎಷ್ಟು ಗಂಟೆ ಆಗಿತ್ತು?" ಎಂದು ಕೇಳುವುದಕ್ಕಿಂತ "ಅದಕ್ಕೆ ಮುಂಚೆ ಏನು ಮಾಡ್ತಿದ್ರಿ, ಆಮೇಲೆ ಎಲ್ಲಿಗೆ ಹೋದ್ರಿ?" ಎಂದು ಕೇಳಿದರೆ ಅವಧಿ ತಾನಾಗಿ ಕಿರಿದಾಗುತ್ತದೆ, ಯಾಕೆಂದರೆ ಆ ಮುಂಚಿನ ಮತ್ತು ಆಮೇಲಿನ ಕೆಲಸಗಳಿಗೆ ಅಂಗಡಿ ಬಿಲ್ಲೋ ಫೋನ್ ಕರೆಯೋ ಗುರುತಾಗಿ ಸಿಗುತ್ತದೆ.

ಎರಡು ಅವಧಿಗಳ ನಡುವೆ ಏನೆಲ್ಲ ಸಂಬಂಧ ಇರಬಹುದು ಎಂದು ಕಂಪ್ಯೂಟರ್ ವಿಜ್ಞಾನಿ ಜೇಮ್ಸ್ ಅಲೆನ್ 1983ರಲ್ಲಿ ಪಟ್ಟಿ ಮಾಡಿದರು. ಮೊದಲು, ತಾಗಿಕೊಂಡು, ಒಂದರ ಮೇಲೊಂದು ಹಾಯ್ದು, ಒಳಗೆ, ಹೀಗೆ ಒಟ್ಟು 13. ನಿಮಗೆ ಹದಿಮೂರೂ ಬೇಕಾಗುವುದಿಲ್ಲ. "ಖಂಡಿತ ಮೊದಲು", "ಖಂಡಿತ ಆಮೇಲೆ", "ಹೇಳಲಾಗದು" ಈ ಮೂರು ಸಿಕ್ಕರೂ ಎಷ್ಟೋ ಜಗಳ ಬಗೆಹರಿಯುತ್ತದೆ.

ಕ್ಯಾಮೆರಾ ಗಡಿಯಾರವನ್ನು ಕಣ್ಣುಮುಚ್ಚಿ ನಂಬಬೇಡಿ. ಅಂಗಡಿ ಕ್ಯಾಮೆರಾಗಳು ನಿಮಿಷಗಟ್ಟಲೆ ಹಿಂದೆ ಮುಂದೆ ಓಡುವುದು ಮಾಮೂಲು. ತುಣುಕು ಪಡೆಯುವಾಗಲೇ, ಪರದೆಯ ಮೇಲಿನ ಸಮಯವೂ ಫೋನಿನ ಸಮಯವೂ ಒಂದೇ ಚೌಕಟ್ಟಿನಲ್ಲಿ ಕಾಣುವ ಹಾಗೆ ಫೋಟೊ ತೆಗೆಯಲು ಅಧಿಕಾರಿಗೆ ಹೇಳಿ. ವ್ಯತ್ಯಾಸ ಏಳು ನಿಮಿಷ ಇದ್ದರೆ ಆ ಕ್ಯಾಮೆರಾದ ಎಲ್ಲ ಹೇಳಿಕೆಗಳನ್ನೂ ಏಳು ನಿಮಿಷ ಸರಿಸಿ. ಕೆಲವು ಡಿಜಿಟಲ್ ದಾಖಲೆಗಳು ಸ್ಥಳೀಯ ಸಮಯದಲ್ಲಿರದೆ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿರುತ್ತವೆ, ಅಲ್ಲಿ ಎಡವಿದರೆ ನಿಮಿಷವಲ್ಲ, ಗಂಟೆಗಟ್ಟಲೆ ತಪ್ಪಾಗುತ್ತದೆ.

ಹಂತ 3: ನಿಯಮ ಬರೆಯಿರಿ, ಆದರೆ ಎರಡು ಬಣ್ಣದಲ್ಲಿ

ಒಬ್ಬ ವ್ಯಕ್ತಿ ಒಂದೇ ಹೊತ್ತಿಗೆ ಎರಡು ಜಾಗದಲ್ಲಿ ಇರಲಾರ. ಇದು ಗಟ್ಟಿ ನಿಯಮ, ಕಪ್ಪು ಶಾಯಿಯಲ್ಲಿ ಬರೆಯಿರಿ. "ಅವರು ದಿನಾ ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಾರೆ" ಎಂಬುದು ಸಡಿಲ ನಿಯಮ, ಅದಕ್ಕೆ ನೀಲಿ. ಇಂಥ "ಸಾಮಾನ್ಯವಾಗಿ ಹೀಗೆ" ಎಂಬ ಮಾತುಗಳನ್ನು ತರ್ಕದ ಚೌಕಟ್ಟಿಗೆ ತಂದವರಲ್ಲಿ ಕಂಪ್ಯೂಟರ್ ವಿಜ್ಞಾನಿ ರೇಮಂಡ್ ರೈಟರ್ ಮುಖ್ಯರು, 1980ರಲ್ಲಿ. ವಿರುದ್ಧವಾದ ಮಾಹಿತಿ ಬರುವ ತನಕ ನಂಬು, ಬಂದ ಕೂಡಲೇ ಬಿಡು, ಇಷ್ಟೇ ಅದರ ತಿರುಳು.

ಈ ಎರಡನ್ನು ಬೆರೆಸಿದರೆ ಮಾದರಿ ಕೆಡುತ್ತದೆ. ಮನೆಯವರು ಗಟ್ಟಿಯಾಗಿ ಹೇಳುವ ಮಾತುಗಳೇ ಇಲ್ಲಿ ಜಾಸ್ತಿ ಅಪಾಯ: "ಅವನು ಹೇಳದೆ ಕೇಳದೆ ಹೋಗೋನೇ ಅಲ್ಲ." ಇದನ್ನು ಕಪ್ಪು ಶಾಯಿಯಲ್ಲಿ ಬರೆದುಬಿಟ್ಟರೆ ಆತ ತಾನಾಗಿ ಹೋಗಿರುವ ಸಾಧ್ಯತೆಯೆಲ್ಲ ಮಾದರಿಯಿಂದ ಅಳಿಸಿಹೋಗುತ್ತದೆ, ಮತ್ತು ಅದು ಅಳಿಸಿದ್ದು ಯಾರ ಗಮನಕ್ಕೂ ಬರುವುದಿಲ್ಲ. ಕಾಣೆಯಾದ ದಿನ ಅನ್ನೋದೇ ಅಭ್ಯಾಸ ತಪ್ಪಿದ ದಿನ, ಅಲ್ವಾ? ಅಂಥ ದಿನದ ಬಗ್ಗೆ ಅಭ್ಯಾಸವನ್ನು ನಂಬಿ ಗಟ್ಟಿ ನಿಯಮ ಮಾಡುವಂತಿಲ್ಲ.

ಹಂತ 4: "ಇಲ್ಲ" ಅನ್ನೋ ಪದದ ಹತ್ತಿರ ನಿಧಾನ

"ಆಸ್ಪತ್ರೆಗಳಲ್ಲೆಲ್ಲ ವಿಚಾರಿಸಿದ್ದೇವೆ, ಅಲ್ಲಿಲ್ಲ." ಎಷ್ಟು ಸಲ ಕೇಳುತ್ತೇವೆ ಇದನ್ನು. ನಿಜವಾಗಿ ಆಗಿದ್ದು ಏನು? ಆ ಹೆಸರು ದಾಖಲಾತಿ ಪಟ್ಟಿಯಲ್ಲಿ ಸಿಗಲಿಲ್ಲ. ಪ್ರಜ್ಞೆ ಇಲ್ಲದೆ ಬಂದವರು "ಗುರುತು ಸಿಗದ ವ್ಯಕ್ತಿ" ಎಂದು ದಾಖಲಾಗಿರುತ್ತಾರೆ. ಗೊಂದಲದಲ್ಲಿರುವ ವಯಸ್ಸಾದವರು ಮದುವೆಗೆ ಮುಂಚಿನ ಹೆಸರೋ ಮನೆಯಲ್ಲಿ ಕರೆಯುವ ಹೆಸರೋ ಹೇಳಿರುತ್ತಾರೆ. ಹಾಗಾಗಿ ಹಾಳೆಯಲ್ಲಿ "ಆಸ್ಪತ್ರೆಯಲ್ಲಿಲ್ಲ" ಎಂದು ಬರೆಯದೆ "ಈ ಹೆಸರಿನಲ್ಲಿ, ಈ ಹೊತ್ತಿನವರೆಗಿನ ಪಟ್ಟಿಯಲ್ಲಿ ಸಿಗಲಿಲ್ಲ" ಎಂದು ಬರೆಯಿರಿ. ಮುಂದಿನ ಪ್ರಶ್ನೆ ತಾನಾಗಿ ಹೊಳೆಯುತ್ತದೆ: ಹೆಸರಿಲ್ಲದೆ ದಾಖಲಾದವರು ಯಾರಾದರೂ ಇದ್ದಾರಾ, ವಯಸ್ಸೆಷ್ಟು, ಮೈಮೇಲೆ ಏನು ಗುರುತು?

ಗೊತ್ತಿಲ್ಲದ್ದನ್ನು ಸುಳ್ಳು ಎಂದು ಹಿಡಿಯುವುದು ಒಂದು ಬಗೆಯ ತರ್ಕ, ಗೊತ್ತಿಲ್ಲ ಎಂದೇ ಬಿಡುವುದು ಇನ್ನೊಂದು ಬಗೆ. ರೈಲು ವೇಳಾಪಟ್ಟಿಗೆ ಮೊದಲನೆಯದು ಸರಿ, ಪಟ್ಟಿಯಲ್ಲಿ ಇಲ್ಲದ ರೈಲು ಇಲ್ಲ. ನಾಪತ್ತೆ ಪ್ರಕರಣಕ್ಕೆ ಎರಡನೆಯದೇ ಬೇಕು. ಪ್ರೋಲಾಗ್‌ನಂಥ ಪ್ರೋಗ್ರಾಮಿಂಗ್ ಭಾಷೆಗಳು ಸುಮ್ನೆ ಬಿಟ್ಟರೆ ಮೊದಲನೆಯದನ್ನೇ ಮಾಡುತ್ತವೆ, ಆದ್ದರಿಂದ ಕಂಪ್ಯೂಟರ್ ಬಳಸುವವರು ಇದನ್ನು ಮರೆಯಬಾರದು.

ಇದು ಎಷ್ಟು ದುಬಾರಿ ಆಗಬಲ್ಲದು ಎನ್ನಲು ಏರ್ ಫ್ರಾನ್ಸ್ 447 ಸಾಕು. 2009ರ ಜೂನ್ 1ರಂದು 228 ಜನರಿದ್ದ ಆ ವಿಮಾನ ಅಟ್ಲಾಂಟಿಕ್ ಸಾಗರಕ್ಕೆ ಬಿತ್ತು. ಕಪ್ಪುಪೆಟ್ಟಿಗೆಯ ಬೀಕನ್‌ಗಳು ನೀರಿನೊಳಗೆ ಶಬ್ದ ಹೊರಡಿಸುತ್ತವೆ, ಆ ಶಬ್ದ ಹುಡುಕುತ್ತಾ ಹಡಗುಗಳು ಕೊನೆಯ ಬಾರಿ ಗೊತ್ತಾದ ಸ್ಥಾನದ ಸುತ್ತ ಓಡಾಡಿದವು. ಏನೂ ಕೇಳಿಸಲಿಲ್ಲ. ಅಂದರೆ ಅಲ್ಲಿಲ್ಲ ಎಂದು ಹುಡುಕಾಟ ಬೇರೆ ಕಡೆ ತಿರುಗಿತು. "ಕೇಳಿಸಲಿಲ್ಲ" ಎಂಬುದರಿಂದ "ಅಲ್ಲಿಲ್ಲ" ಎಂಬಲ್ಲಿಗೆ ಹೋಗಲು ಬೀಕನ್ ಕೆಲಸ ಮಾಡುತ್ತಿತ್ತು ಎಂಬ ಊಹೆ ಬೇಕು. ಸುಮಾರು ಒಂದೂವರೆ ವರ್ಷ ಕಳೆದ ಮೇಲೆ ಮೆಟ್ರಾನ್ ಎಂಬ ಸಂಸ್ಥೆಯ ವಿಶ್ಲೇಷಕರು ಹಿಂದಿನ ಹುಡುಕಾಟಗಳನ್ನೆಲ್ಲ ಸೇರಿಸಿ ಹೊಸದಾಗಿ ಲೆಕ್ಕ ಹಾಕಿದರು, ಎರಡೂ ಬೀಕನ್ ಕೆಟ್ಟಿದ್ದರೆ ಏನಾಗುತ್ತದೆ ಎಂಬುದನ್ನೂ ನೋಡಿದರು. ಆಗ ಕೊನೆಯ ಸ್ಥಾನದ ಹತ್ತಿರದ ಜಾಗವೇ ಮತ್ತೆ ಮೇಲೆ ಬಂತು. 2011ರ ಏಪ್ರಿಲ್ ಮೊದಲ ವಾರದಲ್ಲಿ, ಹುಡುಕಾಟ ಮತ್ತೆ ಶುರುವಾದ ಕೆಲವೇ ದಿನಕ್ಕೆ, ಸುಮಾರು 3,900 ಮೀಟರ್ ಆಳದಲ್ಲಿ ಅವಶೇಷ ಸಿಕ್ಕಿತು.

ನೆಲದ ಮೇಲಿನ ಹುಡುಕಾಟಕ್ಕೂ ಇದೇ ಲೆಕ್ಕ. ಮೂರು ಜಾಗ ಇವೆ ಎಂದುಕೊಳ್ಳಿ, ಕಾಣೆಯಾದವರು ಅಲ್ಲಿರುವ ಸಂಭವ 40, 35, 25 ಶೇಕಡಾ. ಮೊದಲ ಜಾಗವನ್ನು ತಂಡ ಹುಡುಕಿ ಬಂತು. ಆದರೆ ಪೊದೆ ದಟ್ಟವಾಗಿತ್ತು, ಅಲ್ಲೇ ಇದ್ದರೂ ಕಣ್ಣಿಗೆ ಬೀಳುವ ಸಂಭವ 70 ಶೇಕಡಾ ಮಾತ್ರ. ಸಿಗಲಿಲ್ಲ ಎಂದಾಗ ಆ ಜಾಗದ 40 ಶೇಕಡಾ ಸೊನ್ನೆಗೆ ಇಳಿಯುವುದಿಲ್ಲ. 40ರಲ್ಲಿ 30 ಶೇಕಡಾ ಅಂದರೆ 12 ಉಳಿಯುತ್ತದೆ. ಈಗ ಒಟ್ಟು 12+35+25, ಅಂದರೆ 72. ಅದರಿಂದ ಭಾಗಿಸಿದರೆ ಮೊದಲ ಜಾಗ ಸುಮಾರು 17, ಎರಡನೆಯದು 49, ಮೂರನೆಯದು 35 ಶೇಕಡಾ ಹತ್ತಿರ. ಮುಂದೆ ಎರಡನೆಯದಕ್ಕೆ ಹೋಗಿ, ಆದರೆ ಮೊದಲನೆಯದನ್ನು ನಕ್ಷೆಯಲ್ಲಿ ಅಡ್ಡಗೆರೆ ಎಳೆದು ಮುಗಿಸಿಬಿಡಬೇಡಿ.

ಹಂತ 5: ಹೇಳಿಕೆಗಳು ತಾಳೆಯಾಗದಿದ್ದರೆ ಹಬ್ಬ

ಒಂದಕ್ಕೊಂದು ಹೊಂದದ ಹೇಳಿಕೆ ಸಿಕ್ಕರೆ ಜನ ಗಾಬರಿ ಬೀಳುತ್ತಾರೆ. ಖುಷಿ ಪಡಬೇಕು, ಮಾದರಿ ಕೆಲಸ ಮಾಡುವುದು ಅಲ್ಲೇ. ಒಂದು ಕಲ್ಪಿತ ಪ್ರಕರಣ ತೆಗೆದುಕೊಳ್ಳೋಣ.

72 ವರ್ಷದ ಅಜ್ಜ. ಹೇ1: ಸೊಸೆ ಹೇಳುವಂತೆ ಬೆಳಗ್ಗೆ 9ಕ್ಕೆ ಮನೆ ಬಿಟ್ಟರು. ಹೇ2: ಪಕ್ಕದ ಮನೆಯವರು 10:25ರಿಂದ 10:35ರ ನಡುವೆ ಪಶ್ಚಿಮದ ಪಾರ್ಕಿನ ಬಳಿ ಕಂಡರು. ಹೇ3: 10:40ಕ್ಕೆ ಅಜ್ಜನ ಫೋನ್ ಪೂರ್ವದ ಟವರ್‌ಗೆ ಸೇರಿತ್ತು. ಪಾರ್ಕಿನಿಂದ ಆ ಟವರ್‌ನ ವ್ಯಾಪ್ತಿಯ ಹತ್ತಿರದ ಅಂಚಿಗೇ ರಸ್ತೆಯಲ್ಲಿ 18 ಕಿಲೋಮೀಟರ್. ಆದಷ್ಟು ಉದಾರವಾಗಿ ಲೆಕ್ಕ ಹಾಕಿ: 10:25ಕ್ಕೇ ಹೊರಟರು ಎಂದರೂ 15 ನಿಮಿಷದಲ್ಲಿ 18 ಕಿಲೋಮೀಟರ್, ಅಂದರೆ ಗಂಟೆಗೆ 72 ಕಿಲೋಮೀಟರ್, ಎಲ್ಲೂ ನಿಲ್ಲದೆ, ಪೇಟೆಯ ನಡುವೆ. ಆಗದ ಮಾತು.

ಈಗ ಈ ಜಗಳದಲ್ಲಿ ಯಾರ್ಯಾರು ಇದ್ದಾರೆ ಎಂದು ಎಣಿಸಿ. ಊ1, ಕಂಡದ್ದು ಅಜ್ಜನನ್ನೇ. ಊ2, ಪಕ್ಕದ ಮನೆಯವರು ಹೇಳಿದ ಹೊತ್ತು ಸರಿ. ಊ3, ಫೋನ್ ಅಜ್ಜನ ಬಳಿಯೇ ಇತ್ತು. ಊ4, ಟವರ್ ದಾಖಲೆಯ ಸಮಯ ಮತ್ತು ವ್ಯಾಪ್ತಿಯನ್ನು ನಾವು ಸರಿಯಾಗಿ ಓದಿದ್ದೇವೆ. ಊ5, ಆ ದಾರಿಯಲ್ಲಿ ಆ ವೇಗ ಆಗದು. ಈ ಐದರಲ್ಲಿ ಒಂದಾದರೂ ಸುಳ್ಳು. ಯಾವುದು ಎಂದು ಗೊತ್ತಿಲ್ಲ, ಒಂದಾದರೂ ಸುಳ್ಳು ಎಂಬುದು ಮಾತ್ರ ಖಚಿತ.

ಸೊಸೆಯ ಹೇಳಿಕೆ ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ, ಗಮನಿಸಿದಿರಾ? 9ಕ್ಕೆ ಹೊರಟರೋ ಎಂಟೂವರೆಗೆ ಹೊರಟರೋ, ಈ ಜಗಳ ಹಾಗೇ ಇರುತ್ತದೆ. ಇಂಥ ಹೊತ್ತಿನಲ್ಲಿ "ಅವಳೇ ಏನೋ ಮುಚ್ಚಿಡ್ತಿದ್ದಾಳೆ" ಎಂದು ಮಾತು ಶುರುವಾಗುವುದು ಎಲ್ಲ ಕಡೆ ಇದ್ದದ್ದೇ. ಈ ಜಗಳದ ಹೆಸರಿನಲ್ಲಿ ಅವಳತ್ತ ಬೆರಳು ತೋರಿಸಲು ಕಾರಣವಿಲ್ಲ ಎಂದು ಹಾಳೆಯೇ ಹೇಳುತ್ತದೆ.

ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಸುದ್ದಿ ಬಂತು ಎಂದುಕೊಳ್ಳಿ. 11:00ಕ್ಕೆ ಪಾರ್ಕಿನ ಬಳಿಯ ಎಟಿಎಂ ಕ್ಯಾಮೆರಾದಲ್ಲಿ ಅಜ್ಜನಂತೆ ಕಾಣುವವರು ಇದ್ದಾರೆ, ಆದರೆ ಅದೇ ಹೊತ್ತಿಗೆ ಫೋನ್ ಇನ್ನೂ ಪೂರ್ವದಲ್ಲೇ ಇದೆ. ಎರಡನೇ ಜಗಳ. ಇದರಲ್ಲಿರುವವು: ಕ್ಯಾಮೆರಾ ಗಡಿಯಾರ ಸರಿ, ಮುಖ ಅಜ್ಜನದೇ, ಟವರ್ ದಾಖಲೆ ಓದಿದ್ದು ಸರಿ, ಮತ್ತೆ ಫೋನ್ ಅಜ್ಜನ ಬಳಿಯೇ ಇತ್ತು. ಎರಡೂ ಜಗಳದಲ್ಲಿ ಇರುವವು ಊ3 ಮತ್ತು ಊ4 ಮಾತ್ರ. ಅವುಗಳಲ್ಲಿ ಯಾವುದಾದರೂ ಒಂದನ್ನು ಬಿಟ್ಟರೆ ಸಾಕು, ಎರಡು ಜಗಳವೂ ಮುಗಿಯುತ್ತವೆ. ಉಳಿದ ಯಾವುದನ್ನು ಬಿಡಬೇಕಾದರೂ ಜೋಡಿಯಾಗಿ ಬಿಡಬೇಕು. ಕೆಟ್ಟ ಯಂತ್ರದಲ್ಲಿ ಯಾವ ಭಾಗ ಕೆಟ್ಟಿದೆ ಎಂದು ಹುಡುಕಲು ಅದೇ ರೈಟರ್ 1987ರಲ್ಲಿ ಕೊಟ್ಟ ದಾರಿ ಇದು, ಇಲ್ಲಿಗೂ ಚೆನ್ನಾಗಿ ಒಗ್ಗುತ್ತದೆ.

ಒಂದೇ ತಪ್ಪಿನಿಂದ ಎಲ್ಲ ಬಗೆಹರಿಯುತ್ತದೆ ಎಂದ ಮಾತ್ರಕ್ಕೆ ಆ ತಪ್ಪು ಆಗಿಯೇ ಇದೆ ಎಂದಲ್ಲ. ಎರಡು ಬೇರೆ ಬೇರೆ ತಪ್ಪು ಒಂದೇ ದಿನ ಆಗಬಾರದು ಎಂದೇನೂ ಇಲ್ಲ. ಯಾವುದನ್ನು ಮೊದಲು ಪರೀಕ್ಷಿಸಬೇಕು ಎಂಬುದು ಮಾತ್ರ ಇದರಿಂದ ಗೊತ್ತಾಗುತ್ತದೆ. ಊ4ನ್ನು ಪರೀಕ್ಷಿಸುವುದು ಸುಲಭ, ದಾಖಲೆ ಕೊಟ್ಟವರಿಗೆ ಅಧಿಕಾರಿಯಿಂದ ಒಂದು ಕರೆ ಹೋದರೆ ಆಯಿತು. ಅದು ಸರಿ ಎಂದಾದರೆ ಊ3ಕ್ಕೆ ಬನ್ನಿ: ಫೋನ್ ಎಲ್ಲಿ ಬಿಟ್ಟರು? ಅದು ಚಲಿಸಿದ ದಾರಿ ಯಾವುದಾದರೂ ಬಸ್ಸಿನ ದಾರಿಗೆ ಹೊಂದುತ್ತದೆಯೇ? ಹೊಂದಿದರೆ ಪೂರ್ವದ ಬಡಾವಣೆಗೆ ಹುಡುಕುವ ತಂಡ ಕಳಿಸುವ ಮುಂಚೆ ಬಸ್ಸಿನಲ್ಲಿ ಸಿಕ್ಕ ವಸ್ತುಗಳನ್ನು ಇಡುವ ಕೌಂಟರ್‌ನಲ್ಲಿ ಕೇಳುವುದು ಒಳ್ಳೆಯದು. ಜನರನ್ನು ಪಾರ್ಕಿನ ಕಡೆ ಇರಿಸಿ.

ಸಾಕ್ಷಿಯ ಮಾತನ್ನು ಅಲುಗಾಡಿಸುವ ಸುದ್ದಿಯಲ್ಲೂ ಎರಡು ಬಗೆ ಇವೆ. "ಪಕ್ಕದ ಮನೆಯವರು ಕನ್ನಡಕ ಹಾಕಿರಲಿಲ್ಲ" ಎಂದರೆ ಅವರ ಮಾತಿನ ಬಲ ಕುಗ್ಗಿತು, ಅಷ್ಟೇ. ಅಜ್ಜ ಪಾರ್ಕಿನಲ್ಲಿ ಇರಲಿಲ್ಲ ಎಂದು ಅದು ಹೇಳುವುದಿಲ್ಲ. "ಆ ಹೊತ್ತಿಗೆ ಅಜ್ಜ ಬ್ಯಾಂಕಿನಲ್ಲಿ ಸಹಿ ಹಾಕಿದ್ದಾರೆ" ಎಂದರೆ ಅದು ನೇರ ವಿರೋಧ. ತತ್ತ್ವಶಾಸ್ತ್ರಜ್ಞ ಜಾನ್ ಪೊಲಾಕ್ ಈ ಎರಡನ್ನು ಬೇರೆ ಮಾಡಿ ತೋರಿಸಿದರು. ನಿಮ್ಮ ಹಾಳೆಯಲ್ಲೂ ಮೊದಲನೆಯದಕ್ಕೆ ಚುಕ್ಕಿ ಗೆರೆ, ಎರಡನೆಯದಕ್ಕೆ ಗಟ್ಟಿ ಗೆರೆ ಎಳೆಯಿರಿ.

ಹಂತ 6: ಕಥೆಗಳನ್ನು ಎದುರು ಬದುರು ಕೂರಿಸಿ

ಏನಾಗಿರಬಹುದು ಎಂಬ ಕಥೆಗಳನ್ನೆಲ್ಲ ಸಾಲಾಗಿ ಬರೆಯಿರಿ: ದಾರಿ ತಪ್ಪಿದ್ದಾರೆ, ಅಪಘಾತ ಅಥವಾ ಆರೋಗ್ಯದ ತೊಂದರೆ, ತಾವಾಗಿಯೇ ಹೋಗಿದ್ದಾರೆ, ತಮಗೆ ತಾವೇ ಹಾನಿ ಮಾಡಿಕೊಳ್ಳುವ ಅಪಾಯ, ಬೇರೆಯವರಿಂದ ಹಾನಿ, ಸುಮ್ಮನೆ ಮಾತಿನ ಗೊಂದಲ. ಕೊನೆಗೆ "ಇವು ಯಾವುವೂ ಅಲ್ಲ" ಎಂದು ಒಂದು ಸಾಲು ಬಿಡಿ, ಅದನ್ನು ಯಾವತ್ತೂ ಅಳಿಸಬೇಡಿ.

ಪ್ರತಿ ಕಥೆಗೂ, ಅದು ನಿಜವಾದರೆ ಏನು ಕಾಣಲೇಬೇಕು, ಏನು ಕಾಣಬಾರದು ಎಂದು ಬರೆಯಿರಿ. ಎಲ್ಲ ಕಥೆಗೂ ಹೊಂದುವ ಸುಳಿವಿನಿಂದ ಏನೂ ಗೊತ್ತಾಗುವುದಿಲ್ಲ, ಅದು ಎಷ್ಟೇ ಮನ ಕಲಕುವಂತಿದ್ದರೂ. ಪರ್ಸ್ ಮನೆಯಲ್ಲೇ ಇದೆ ಎಂಬುದು ಮರೆವಿಗೂ ಹೊಂದುತ್ತದೆ, ಹತ್ತು ನಿಮಿಷ ಅಡ್ಡಾಡಿ ಬರಲು ಹೊರಟು ಬಿದ್ದವರಿಗೂ ಹೊಂದುತ್ತದೆ. ಒಂದು ವಾರಕ್ಕಾಗುವಷ್ಟು ಮಾತ್ರೆ ಡಬ್ಬಿಯಿಂದ ಎಣಿಸಿ ತೆಗೆದಂತಿದೆ ಎಂಬುದು ಹಾಗಲ್ಲ, ಅದು ಒಂದೆರಡು ಕಥೆಗಳನ್ನು ಮುಂದೆ ತಂದು ಉಳಿದವನ್ನು ಹಿಂದಕ್ಕೆ ತಳ್ಳುತ್ತದೆ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯಲ್ಲಿದ್ದ ರಿಚರ್ಡ್ಸ್ ಹ್ಯೂಯರ್ ಬೆಳೆಸಿದ ವಿಧಾನದ ತಿರುಳು ಇದೇ: ಇಷ್ಟವಾದ ಕಥೆಗೆ ಬೆಂಬಲ ಹುಡುಕಬೇಡಿ, ಪ್ರತಿ ಕಥೆಯನ್ನೂ ಬೀಳಿಸುವ ಸುಳಿವು ಹುಡುಕಿ.

ಮುಂದಿನ ಪ್ರಶ್ನೆ ಆರಿಸುವುದೂ ಇಲ್ಲೇ. ಯಾವ ಪ್ರಶ್ನೆಗೆ ಯಾವ ಉತ್ತರ ಬಂದರೂ ಹಾಳೆ ಬದಲಾಗುವುದಿಲ್ಲವೋ ಆ ಪ್ರಶ್ನೆಯನ್ನು ಈಗ ಕೇಳಬೇಡಿ. ಒಂದು ವಿನಾಯಿತಿ ಇದೆ: ಜೀವಕ್ಕೆ ಅಪಾಯ ತರುವ ಕಥೆಯನ್ನು, ಅದರ ಸಂಭವ ಕಡಿಮೆ ಇದ್ದರೂ, ಮೊದಲು ಪರೀಕ್ಷಿಸಬೇಕು. ಮಗು, ಮರೆವಿನ ಕಾಯಿಲೆ ಇರುವವರು, ಇನ್ಸುಲಿನ್ ಬೇಕಾದವರು ಎಂದಾದರೆ ಹಾಳೆ ಪೂರ್ತಿಯಾಗಲಿ ಎಂದು ಕಾಯುವ ಪ್ರಶ್ನೆಯೇ ಇಲ್ಲ.

ಹಂತ 7: ಕಂಪ್ಯೂಟರ್ ಬೇಕಾ?

ಹತ್ತಿಪ್ಪತ್ತು ಹೇಳಿಕೆಗಳಿಗೆ ಬೇಡ. ಅದಕ್ಕಿಂತ ಜಾಸ್ತಿ ಆದರೆ ಕಣ್ಣಿಗೆ ಹಿಡಿಯುವುದಿಲ್ಲ, ಆಗ ಎರಡು ಉಚಿತ ಸಾಧನಗಳಿವೆ. ಕ್ಲಿಂಗೋಗೆ ನಿಯಮ ಕೊಟ್ಟರೆ ಆ ನಿಯಮಗಳಿಗೆ ಹೊಂದುವ ಎಲ್ಲ ಸಾಧ್ಯತೆಗಳನ್ನೂ ಪಟ್ಟಿ ಮಾಡುತ್ತದೆ, ಮತ್ತು ಅದರಲ್ಲಿ "ಸುಳ್ಳು ಎಂದು ಗೊತ್ತು" ಹಾಗೂ "ನಿಜ ಎಂದು ಗೊತ್ತಿಲ್ಲ" ಎಂಬ ಎರಡು ಬಗೆಯ ಇಲ್ಲಗಳನ್ನು ಬೇರೆ ಬೇರೆಯಾಗಿ ಬರೆಯಬಹುದು, ನಾಲ್ಕನೇ ಹಂತಕ್ಕೆ ಇದು ವರ. ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಹುಟ್ಟಿದ ಝಡ್3 ಸಮಯ, ದೂರ, ವೇಗದಂಥ ಅಂಕಿಗಳಿಗೆ ಒಳ್ಳೆಯದು. ಹೇಳಿಕೆಗಳು ತಾಳೆಯಾಗದಿದ್ದಾಗ ಯಾವ ಯಾವ ಸಾಲುಗಳ ನಡುವೆ ಜಗಳ ಇದೆ ಎಂದು ಅದೇ ಹೆಕ್ಕಿ ಕೊಡುತ್ತದೆ, ಆದರೆ ಸಾಲುಗಳಿಗೆ ಮೊದಲೇ ಹೆಸರು ಕೊಟ್ಟಿರಬೇಕು.

ಭಾಷಾ ಮಾದರಿಗಳಿಗೆ ಎಲ್ಲ ಟಿಪ್ಪಣಿ ತುಂಬಿ "ಎಲ್ಲಿದ್ದಾರೆ ಹೇಳು" ಎಂದು ಕೇಳುವ ಆಸೆ ಈಗ ಎಲ್ಲರಿಗೂ. ಹಾಗೆ ಮಾಡಿದರೆ ಕೇಳಲು ಚೆಂದದ ಕಥೆ ಸಿಗುತ್ತದೆ, ಯಾವ ಊಹೆಯ ಮೇಲೆ ಅದು ನಿಂತಿದೆ ಎಂದು ಗೊತ್ತಾಗುವುದಿಲ್ಲ. ಅದೂ ಅಲ್ಲದೆ ಒಬ್ಬರ ಕಾಯಿಲೆ, ಫೋನ್ ದಾಖಲೆ, ಮನೆಯ ಜಗಳ ಎಲ್ಲವನ್ನೂ ಹೊರಗಿನ ಯಾವುದೋ ಸರ್ವರ್‌ಗೆ ಕೊಟ್ಟ ಹಾಗಾಗುತ್ತದೆ.

ಹಂತ 8: ಅಧಿಕಾರಿಗೆ ಕೊಡುವ ಹಾಳೆ

ಒಂದೇ ಪುಟ ಇರಲಿ. ಮೇಲೆ ದಿನಾಂಕ, ಗಂಟೆ, ಇದು ಎಷ್ಟನೇ ಆವೃತ್ತಿ ಎಂಬುದು. ಆಮೇಲೆ ತಾಳೆಯಾಗದ ಹೇಳಿಕೆಗಳು, ಅವುಗಳ ಹಿಂದಿನ ಊಹೆಗಳು, ಮುಂದೆ ಕೇಳಬೇಕಾದ ಮೂರು ಪ್ರಶ್ನೆಗಳು. ಚಿಹ್ನೆ, ಸೂತ್ರ ಒಂದೂ ಬೇಡ, ರಾತ್ರಿ ಪಾಳಿಯಲ್ಲಿ ಸುಸ್ತಾಗಿ ಕೂತವರು ಓದಬೇಕಾದ ಪುಟ ಅದು. ಯಾರನ್ನೂ "ಶಂಕಿತ" ಎಂದು ಬರೆಯಬೇಡಿ, ಮಾದರಿಯಿಂದ ಅಂಥ ತೀರ್ಮಾನ ಬರುವುದಿಲ್ಲ. ಹಾಳೆಯನ್ನು ಜಾಲತಾಣಗಳಲ್ಲಿ ಹಾಕಬೇಡಿ, ಹೇಳಿಕೆ ಕೊಟ್ಟವರು ಅದನ್ನು ಓದಿದರೆ ಅವರ ನೆನಪು ಹಾಳೆಗೆ ತಕ್ಕಂತೆ ಬದಲಾಗಬಹುದು.

ಹಳೆಯ ಆವೃತ್ತಿಗಳನ್ನು ಎಸೆಯಬೇಡಿ. ಮೂರನೇ ದಿನ ಕೈಬಿಟ್ಟ ಊಹೆ ಒಂಬತ್ತನೇ ದಿನ ಮತ್ತೆ ಬೇಕಾಗಬಹುದು, ಯಾಕೆ ಕೈಬಿಟ್ಟೆವು ಎಂಬ ಒಂದು ಸಾಲು ಅಲ್ಲಿರಬೇಕು.

ಇನ್ನು, ವ್ಯಕ್ತಿ ಸಿಕ್ಕಮೇಲೆ. ವಯಸ್ಕರು ತಾವಾಗಿಯೇ ಹೋಗಿ ಸುರಕ್ಷಿತವಾಗಿದ್ದರೆ, ಎಲ್ಲಿದ್ದಾರೆ ಎಂದು ಯಾರಿಗೆ ಹೇಳಬೇಕು ಎಂಬುದು ಅವರಿಗೆ ಬಿಟ್ಟದ್ದು. ಮನೆಯಲ್ಲಿ ಹೊಡೆತ ತಿಂದು ಓಡಿಹೋದವರನ್ನು ಹುಡುಕಿ ಕೊಡಿ ಎಂದು ಹೊಡೆದವರೇ ಬಂದು ಅಳುವುದೂ ಉಂಟು. ಹಾಗಾಗಿ ಮಾದರಿಯಿಂದ ಜಾಗದ ಸುಳಿವು ಸಿಕ್ಕರೆ ಅದು ತನಿಖಾಧಿಕಾರಿಗೆ ಮಾತ್ರ ಹೋಗಬೇಕು. ಮನೆಯವರೇ ಹಾಳೆ ಬರೆಯುತ್ತಿದ್ದರೂ ಈ ನಿಯಮ ಬದಲಾಗುವುದಿಲ್ಲ, ಇದನ್ನು ಮೊದಲ ದಿನವೇ ಅವರಿಗೆ ಹೇಳಿಬಿಡಿ.